ಚನ್ನರಾಯಪಟ್ಟಣದಲ್ಲಿ ಎಷ್ಟು ಅಕ್ಷರ?

ಚನ್ನರಾಯಪಟ್ಟಣ ಅನ್ನುವ ಹೆಸರಿನಲ್ಲಿ ಎಷ್ಟು ಅಕ್ಷರ ಇವೆ ಅಂತ ನಾಲ್ಕನೇ ಕ್ಲಾಸಿನ ಮಗುವನ್ನು ಕೇಳಿ. ಬೆರಳು ಮಡಚಿ ಏಳು ಅನ್ನುತ್ತೆ. ಕಂಪ್ಯೂಟರನ್ನು ಕೇಳಿದರೆ ಹನ್ನೆರಡು ಅನ್ನುತ್ತೆ. ಈ ಏಳಕ್ಕೂ ಹನ್ನೆರಡಕ್ಕೂ ನಡುವೆ ಸಿಕ್ಕಿಹಾಕಿಕೊಂಡು 2020ರಲ್ಲಿ ನಾನು ಆರು ತಿಂಗಳು ಒದ್ದಾಡಿದೆ.

ನಮ್ಮದು ಅರಕಲಗೂಡು ತಾಲ್ಲೂಕು, ರಾಮನಾಥಪುರದ ಹತ್ತಿರದ ಹಳ್ಳಿ. ಅಣ್ಣ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುತ್ತಾನೆ. ನಾನು ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಮೂರು ವರ್ಷ, ಕಂಪ್ಯೂಟರಿನಲ್ಲಿ ಚಿತ್ರ ಕುಣಿಸುವ ಫ್ಲ್ಯಾಶ್ ಅನ್ನುವ ತಂತ್ರಾಂಶದ ಕೆಲಸ ಕಲಿತು, 2011ರಲ್ಲಿ ಹಾಸನಕ್ಕೇ ವಾಪಸು ಬಂದು ಒಂದು ರೂಮು ಹಿಡಿದೆ. ಮರುವರ್ಷ ಒಂದು ಸಂಸ್ಥೆಯವರು ನಾಲ್ಕು, ಐದನೇ ತರಗತಿಗೆ 36 ಪಾಠ ಮಾಡಿಕೊಡಿ ಅಂದರು. ಸುಮ್ಮನೆ ಓದುವ ಪಾಠವಲ್ಲ. ಮಗು ಚಿತ್ರ ಎಳೆಯಬೇಕು, ಜೋಡಿಸಬೇಕು, ತಪ್ಪು ಮಾಡಿದರೆ ಅದಕ್ಕೆ ಗೊತ್ತಾಗಬೇಕು. ಅವತ್ತಿಗೆ ಇದಕ್ಕೆ ಫ್ಲ್ಯಾಶ್ ಬಿಟ್ಟರೆ ಇನ್ನೊಂದು ನನ್ನ ಕಣ್ಣಿಗೆ ಕಾಣಲಿಲ್ಲ. ಸ್ಕೂಲುಗಳಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿಯ ಹಳೇ ಪೆಟ್ಟಿಗೆಗಳು. ಎಷ್ಟೋ ಕಡೆ ಕನ್ನಡ ಮೂಡಬೇಕಾದರೆ ಮೊದಲು ಸಿಡಿ ಹಾಕಿ ಏನೇನೋ ಆನ್ ಮಾಡಬೇಕಿತ್ತು. ಫ್ಲ್ಯಾಶಿನಲ್ಲಾದರೆ ಫಾಂಟನ್ನು ಪಾಠದ ಹೊಟ್ಟೆಯೊಳಗೇ ತುಂಬಿ ಕಳಿಸಬಹುದು, ಎಲ್ಲಿ ತೆರೆದರೂ ಹಾಗೇ ಕಾಣುತ್ತೆ.

ನಾನು ತುಂಬಿದ್ದು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟು. ಅದರಲ್ಲಿ ನಿಜವಾದ ಕನ್ನಡ ಅಕ್ಷರ ಇಲ್ಲ, ಕನ್ನಡದ ವೇಷ ಕಟ್ಟಿದ ಬೇರೆ ಗುರುತುಗಳಿವೆ. ಹಾಸನ ಅಂತ ಬರೆದರೆ, ಆ ಕೊನೆಯ 'ನ' ಒಳಗಡೆ ಒಂದು ಪೌಂಡ್ ಗುರುತು, ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷ್ 'ಎ'. ವೇಷ ಇರುವ ತನಕ ಯಾರಿಗೂ ಗೊತ್ತಾಗಲ್ಲ. ನನಗೆ ಗೊತ್ತಿತ್ತು. ಆದರೂ ತುಂಬಿದೆ, ಸುಲಭ ಅಂತ.

ಧ್ವನಿ ಕೊಟ್ಟವರು ಹೊಳೆನರಸೀಪುರದ ಒಬ್ಬ ನಿವೃತ್ತ ಮೇಷ್ಟ್ರು. ಅವರ ಮನೆಯ ಹಿಂದಿನ ಕೋಣೆಗೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದೆವು. ಹೇಮಾವತಿ ನದಿಯ ಪಾಠದಲ್ಲಿ ಮಗು ಒಂದು ದೋಣಿಯನ್ನು ಮೌಸಿನಲ್ಲಿ ಎಳೆದ ಹಾಗೆ ಮೇಷ್ಟ್ರು ಕತೆ ಹೇಳುತ್ತಾ ಹೋಗಬೇಕು: ಮೂಡಿಗೆರೆ ಸೀಮೆಯಲ್ಲಿ ಹುಟ್ಟಿದ್ದು, ಸಕಲೇಶಪುರ, ಗೊರೂರು, ಆಮೇಲೆ ನಮ್ಮ ಹೊಳೆನರಸೀಪುರ, ಕೊನೆಗೆ ಕಾವೇರಿ. ಸರಿಯಾಗಿ ಗೊರೂರು ಅಣೆಕಟ್ಟೆ ಹತ್ತಿರ ಬರುವಾಗ ಒಳಗಡೆ ಕುಕ್ಕರ್ ವಿಶಲ್ ಹೊಡೆಯಿತು. 'ತೆಗೀಬೇಡಪ್ಪ, ಅಣೆಕಟ್ಟೆಯಲ್ಲಿ ಸೈರನ್ ಅಂದ್ಕೊಳ್ಳಲಿ' ಅಂದರು. ತೆಗೆಯಲಿಲ್ಲ. 36 ಪಾಠವನ್ನೂ ಸಿಡಿ ಮಾಡಿ ನಾಲ್ಕು ತಾಲ್ಲೂಕಿನ ಸ್ಕೂಲುಗಳಿಗೆ ಹಂಚಿದರು. ಮೇಷ್ಟ್ರು 2016ರಲ್ಲಿ ತೀರಿಕೊಂಡರು.

ಫ್ಲ್ಯಾಶ್ ಅಷ್ಟು ಹೊತ್ತಿಗಾಗಲೇ ಹಾಸಿಗೆ ಹಿಡಿದಿತ್ತು. ಐಫೋನಿಗೆ ಅದನ್ನು ಬಿಟ್ಟುಕೊಳ್ಳುವುದಿಲ್ಲ ಅಂತ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 2010ರಲ್ಲೇ ಕಡ್ಡಿ ಮುರಿದಂತೆ ಹೇಳಿದ್ದರು. 2017ರ ಜುಲೈನಲ್ಲಿ ಫ್ಲ್ಯಾಶಿನ ಒಡೆಯರಾದ ಅಡೋಬಿಯವರೇ ದಿನ ಗೊತ್ತುಮಾಡಿದರು: 2020ರ ಕೊನೆಗೆ ಬಂದ್. ಸಂಸ್ಥೆಯವರಿಗೆ ಹೇಳಿದೆ. 'ನೋಡೋಣ' ಅಂದರು. ಮೂರು ವರ್ಷ ನೋಡಿದರು.

ಲಾಕ್‌ಡೌನಿನಲ್ಲಿ ಹಾಸನದ ರೂಮು ಖಾಲಿ ಮಾಡಿ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಹೊತ್ತು ಊರಿಗೆ ಬಂದೆ. ಜೂನ್‌ನಲ್ಲಿ ಸಂಸ್ಥೆಯವರ ಫೋನು ಬಂತು. ಸ್ಕೂಲು ಮುಚ್ಚಿವೆ, ಮಕ್ಕಳು ಮನೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಾರೆ, ಪಾಠಗಳು ಮೊಬೈಲಿನಲ್ಲಿ ಓಡಬೇಕು. 1,60,000 ರೂಪಾಯಿ, ಮುಂಗಡ 50,000, ಡಿಸೆಂಬರ್ 31ರೊಳಗೆ. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ಮೂರು ತಿಂಗಳಿಂದ ಒಂದು ಪೈಸೆ ದುಡಿಮೆ ಇರಲಿಲ್ಲ.

ಹಾರ್ಡ್ ಡಿಸ್ಕ್ ಚುಚ್ಚಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡಿತು, ಅಷ್ಟೇ. 14 ಪಾಠದ ಮೂಲ ಫೈಲು ಲ್ಯಾಪ್‌ಟಾಪಿನಲ್ಲಿ ಉಳಿದಿದ್ದವು. 17 ಪಾಠ ಸಂಸ್ಥೆಯ ಸರ್ವರಿನಲ್ಲಿ ಸಿಕ್ಕವು, ಆದರೆ ಅವು ಬೆಂದ ಅಡುಗೆ. ಸಾರನ್ನು ಕೊಟ್ಟು ಬೇಳೆ, ಹುಳಿ, ಖಾರವನ್ನು ಬೇರೆ ಮಾಡು ಅಂದರೆ ಹೇಗೆ? ಬಿಡಿಸಿ ನೋಡಿದರೆ ಚಿತ್ರ, ಧ್ವನಿ ಬಂದವು, ಬರಹವೆಲ್ಲ ಪೌಂಡ್ ಗುರುತು. ಇನ್ನೈದು ಪಾಠ ಸರ್ವರಿಗೆ ಏರಿಸುವಾಗಲೇ ಅರ್ಧಕ್ಕೆ ನಿಂತಿದ್ದವು. ಎಂಟು ವರ್ಷ ಯಾರೂ ಅವನ್ನು ತೆರೆದೇ ನೋಡಿರಲಿಲ್ಲ. ಆ ಐದರಲ್ಲಿ ಹೇಮಾವತಿಯೂ ಒಂದು.

ಉಳಿದ 31ನ್ನು ಮೊಬೈಲಿನಲ್ಲಿ ಓಡುವ ಎಚ್‌ಟಿಎಂಎಲ್ 5, ಜಾವಾಸ್ಕ್ರಿಪ್ಟಿನಲ್ಲಿ ಹೊಸದಾಗಿ ಕಟ್ಟತೊಡಗಿದೆ. ಮೌಸಿಗೆ ಮಾಡಿದ ಆಟ ಬೆರಳಿಗೆ ಒಗ್ಗಲಿಲ್ಲ. ಮಗು ಚಿತ್ರವನ್ನು ಎಳೆದರೆ ಇಡೀ ಪುಟವೇ ಮೇಲಕ್ಕೆ ಜಾರುತ್ತಿತ್ತು. ಮುಟ್ಟುವ ತನಕ ಧ್ವನಿ ಹೊರಡಿಸಬಾರದು ಅಂತ ಕ್ರೋಮ್ ಬ್ರೌಸರಿನವರು ಕಾನೂನು ಮಾಡಿದ್ದರಿಂದ ಮೇಷ್ಟ್ರ 'ನಮಸ್ಕಾರ ಮಕ್ಕಳೇ' ಗಂಟಲಲ್ಲೇ ನಿಲ್ಲುತ್ತಿತ್ತು. ಮೊದಲ ಪಾಠ 14 ಎಂಬಿ ತೂಗಿತು. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ತಾರಸಿಯ ನೀರಿನ ಟ್ಯಾಂಕಿನ ಮೇಲೆ ಮಾತ್ರ. ಅಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಫೋನು ಕಟ್ಟಿ, ಹಾಟ್‌ಸ್ಪಾಟ್ ಹಾಕಿ, ಕೆಳಗೆ ಕೂತು ಆ 14 ಎಂಬಿ ಇಳಿಯುವುದನ್ನು ಕಾದಾಗ ಮಕ್ಕಳ ಪಾಡು ಅರ್ಥವಾಯಿತು. ಹಿಂಡಿ ಹಿಂಡಿ ಒಂದು ಎಂಬಿಯೊಳಗೆ ತಂದೆ.

ಹಿಂಡುವ ಹುಮ್ಮಸ್ಸಿನಲ್ಲಿ ಫಾಂಟನ್ನೂ ಹಿಂಡಿದೆ. ಹಿಂಡುವ ಸಲಕರಣೆಗೆ ಒತ್ತಕ್ಷರ ಅಂದರೆ ಏನಂತ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪಾಠದ ತುಂಬ 'ಅಮ್‌ಮ', 'ಅಕ್‌ಕ'. ಒಂದು ವಾರ ಹಾಳು.

ಆಮೇಲೆ ಅಕ್ಷರ ಜೋಡಿಸುವ ಆಟ. ಊರಿನ ಹೆಸರಿನ ಅಕ್ಷರಗಳು ಚೆಲ್ಲಾಪಿಲ್ಲಿ ಬಿದ್ದಿರುತ್ತವೆ, ಮಗು ಸಾಲಾಗಿ ಇಡಬೇಕು. ಫ್ಲ್ಯಾಶಿನಲ್ಲಿ ಪ್ರತಿ ಬಿಲ್ಲೆಯನ್ನೂ ಕೈಯಲ್ಲಿ ಬರೆದಿದ್ದೆ. ಈಗ ಸಮಯವಿಲ್ಲ, ಯಂತ್ರವೇ ಒಡೆಯಲಿ ಅಂತ ಬಿಟ್ಟೆ. ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಹುಡುಗಿಗೆ ಅವರಪ್ಪನ ಫೋನಿನಲ್ಲಿ ಹಾಕಿ ಕೊಟ್ಟೆ. ಚನ್ನರಾಯಪಟ್ಟಣ ಹನ್ನೆರಡು ಚೂರಾಗಿ ಬಿದ್ದಿತ್ತು. ದೀರ್ಘ ಒಂದು ಕಡೆ, ಅರ್ಧಾಕ್ಷರದ ಗುರುತು ಒಂದು ಕಡೆ. ಒಂಟಿಯಾದ ಗುಣಿತದ ಗುರುತಿಗೆ ಕಂಪ್ಯೂಟರು ಚುಕ್ಕಿಗಳ ಒಂದು ವೃತ್ತ ಬರೆದು ಅದರ ಮೇಲೆ ಕೂರಿಸುತ್ತೆ. ಹುಡುಗಿ ಎಷ್ಟೋ ಹೊತ್ತು ನೋಡಿ, 'ಚಿಕ್ಕಪ್ಪಾ, ಈ ಚುಕ್ಕಿ ಬಳೆ ಎಲ್ಲಿಗಿಡದು?' ಅಂತು.

ನಗು ಬರಲಿಲ್ಲ. ಕೂತು ಅಕ್ಷರ ಒಡೆಯುವ ನಿಯಮವನ್ನು ನಾನೇ ಬರೆದೆ. ವ್ಯಂಜನ ಕಂಡರೆ ನಿಲ್ಲು. ಮುಂದೆ ಗುಣಿತದ ಗುರುತು ಇದ್ದರೆ ಜೊತೆಗೆ ಸೇರಿಸು. ಅರ್ಧಾಕ್ಷರದ ಗುರುತು ಇದ್ದರೆ ಅದರ ಮುಂದಿನ ವ್ಯಂಜನವನ್ನೂ ಎಳೆದುಕೊ, ಮತ್ತೆ ನೋಡು. ಹೇಳಲಿಕ್ಕೆ ಮೂರು ಸಾಲು, ಸರಿಹೋಗಲು ಒಂಬತ್ತು ದಿನ. ಸಿದ್ಧವಾಗಿ ಸಿಗುತ್ತಿದ್ದ ಸಲಕರಣೆಗಳು 'ನ್ನ'ವನ್ನು 'ನ್' ಮತ್ತು 'ನ' ಅಂತ ಸೀಳಿಯೇ ಕೊಡುತ್ತಿದ್ದವು. ನಾವು ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದನ್ನು ಯಂತ್ರಕ್ಕೆ ಕಲಿಸುವವರು ಯಾರೂ ಇರಲಿಲ್ಲ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ. ಕಡ್ಡಿಗೆ ಪೋಣಿಸಿದ ಸೊಪ್ಪನ್ನು ಬ್ಯಾರನ್ನಿಗೆ, ಅಂದರೆ ಬೇಯಿಸುವ ಕೋಣೆಗೆ, ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಸೌದೆ ಉರಿ. ಸೊಪ್ಪು ಹಳದಿ ತಿರುಗುವ ತನಕ 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು, ಆಮೇಲೆ ಮೆಲ್ಲಗೆ ಏರಿಸುತ್ತಾ ಎಲೆಯ ದಂಟು ಒಣಗುವಾಗ 160. ಅಣ್ಣ ಒಲೆಯ ಬಾಯಿಗೆ, ನಾನು ಜಗಲಿಯಲ್ಲಿ ಲ್ಯಾಪ್‌ಟಾಪಿಗೆ. ಒಂದು ರಾತ್ರಿ ಮಳೆ ಹೊಡೆದು ಕರೆಂಟು ಹೋಯಿತು. ಬ್ಯಾಟರಿ ಮುಗಿಯುವುದರೊಳಗೆ ಉಳಿಸೋಣ ಅಂತ ಆತುರಕ್ಕೆ ಬಿದ್ದೆ. ಬಲಗೈ ಮಣಿಕಟ್ಟು ಅಲ್ಲಾಡಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರದ ತುಂಡಿನ ಹಾಗೆ. ಹದಿನೈದು ದಿನದಿಂದ ಜೋಮು ಹಿಡಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಅಷ್ಟು ಹೊತ್ತು ಕಟ್ಟಿದ ಕೆಲಸವೆಲ್ಲ ಹೋಯಿತು. ಆ ಕತ್ತಲಲ್ಲಿ ಕೂತು ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಅಣ್ಣ ಬಂದು ನೋಡಿದ. 'ಲೋ, ಉರಿ ಒಂದೇ ಸಲ ಏರಿಸಿದ್ರೆ ಸೊಪ್ಪು ಕರ್ರಗಾಯ್ತದೆ ಕಣ್ಲಾ. ಎದ್ದು ಮಲಿಕ್ಕೋ' ಅಂದ. ಕೈಗೆ ಎಣ್ಣೆ ಹಚ್ಚಿ, ಬ್ಯಾರನ್ ಗೋಡೆಗೆ ಒರಗಿಸಿದ. ಆ ಗೋಡೆ ಬೆಚ್ಚಗಿತ್ತು. ಆರು ತಿಂಗಳಲ್ಲಿ ನಾನು ಗಾಢವಾಗಿ ನಿದ್ದೆ ಮಾಡಿದ್ದು ಅಲ್ಲೇ, ಬೆಳಗಿನ ಜಾವದವರೆಗೆ. ಹಾಸನದ ಡಾಕ್ಟರು ಪಟ್ಟಿ ಕಟ್ಟಿ ಮೂರು ವಾರ ಮೌಸ್ ಮುಟ್ಟಬಾರದು ಅಂದರು. ಎಡಗೈಯಲ್ಲಿ ಕಲಿತೆ. ಈಗಲೂ ಎಡಗೈಯೇ.

ಡಿಸೆಂಬರ್ 26ಕ್ಕೆ 31 ಪಾಠ ಒಪ್ಪಿಸಿದೆ. ಜನವರಿಯಲ್ಲಿ 20,000 ರೂಪಾಯಿ ಬಂತು. 90,000 ಇವತ್ತಿಗೂ ಬಂದಿಲ್ಲ. 'ಐದು ಪಾಠ ಕಮ್ಮಿ ಇದೆಯಲ್ಲ' ಅನ್ನುವುದು ಅವರ ವಾದ. ಕೇಳಿ ಕೇಳಿ ಸಾಕಾಯಿತು. 2021ರ ಜನವರಿ 12ರಿಂದ ಅಡೋಬಿಯವರು ಫ್ಲ್ಯಾಶ್ ಪೂರ್ತಿ ತಡೆದರು. ಅವತ್ತು ಲ್ಯಾಪ್‌ಟಾಪಿನಲ್ಲಿ ಹಳೇ ಪಾಠ ತೆರೆದು ನೋಡಿದೆ. ಬೂದು ಬಣ್ಣದ ಒಂದು ಚೌಕ, ನಡುವೆ ಒಂದು ಗುಂಡು ಗುರುತು. ಮುಟ್ಟಿದರೆ ಮುಗಿಯಿತು ಅನ್ನುವ ಸೂಚನೆ. ಸಂಸ್ಥೆಯವರು ಹಳೇ ಸರ್ವರನ್ನೂ ತೆಗೆದುಹಾಕಿದರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮೇಷ್ಟ್ರುಗಳಲ್ಲಿ, 2012ರಿಂದ ಈಚೆಗೆ ಅಲ್ಲಿ ಓದಿದ ಮಕ್ಕಳಲ್ಲಿ ಒಂದು ಕೋರಿಕೆ. ಸ್ಕೂಲಿನ ಬೀರುವಿನಲ್ಲೋ ಅಟ್ಟದ ಮೇಲೋ ಆಗ ಹಂಚಿದ ಪಾಠದ ಸಿಡಿ ಇದ್ದರೆ ಎಸೆಯಬೇಡಿ. ಸಿಡಿ ಗೀರಿದ್ದರೂ ಪರವಾಗಿಲ್ಲ, ಫೈಲು ತೆರೆಯದಿದ್ದರೂ ಪರವಾಗಿಲ್ಲ, ಧ್ವನಿ ತೆಗೆಯುವುದು ನನಗೆ ಗೊತ್ತು. ನದಿಯ ಕತೆ ಹೇಳುವ ವಯಸ್ಸಾದ ಗಂಡು ದನಿ, ಗೊರೂರು ಬರುವ ಹೊತ್ತಿಗೆ ಹಿಂದುಗಡೆ ಕುಕ್ಕರ್ ವಿಶಲ್ ಕೇಳಿಸಿದರೆ ಅದೇ ಕಳೆದುಹೋದ ಹೇಮಾವತಿಯ ಪಾಠ.