ಫ್ಲಾಪಿಯಲ್ಲಿ ಉಳಿದ ಗುಡವಿಯ ಕಾಗದಗಳು

1997ರ ಸುಮಾರಿಗೆ ಬೆಂಗಳೂರಿನಲ್ಲಿ ನಮ್ಮಂಥವರಿಗೆ ಇ-ಮೇಲ್ ಎಂದರೆ ಕಪ್ಪು ಪರದೆ. ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಿತ್ತು. ಅದರಲ್ಲಿ ಕೈಗೆಟುಕುವಂತಿದ್ದದ್ದು ಬರೀ ಪಠ್ಯ ತೋರಿಸುವ ಶೆಲ್ ಖಾತೆ. ಮೋಡೆಂ ಕಿರುಗುಟ್ಟಿ ಲೈನ್ ಸಿಕ್ಕರೆ ಪಾಸ್‌ವರ್ಡ್ ಕೊಟ್ಟು, 'ಪೈನ್' ಎಂಬ ಮೇಲ್ ತಂತ್ರಾಂಶ ತೆರೆದು, ಕೀಲಿಗಳಿಂದಲೇ ಎಲ್ಲ ಕೆಲಸ. ಸೊರಬ ತಾಲ್ಲೂಕಿನ ಗುಡವಿಯಿಂದ ಅಪ್ಪ ಬರೆದ ಅಂಚೆ ಕಾಗದವನ್ನು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಟೈಪ್ ಮಾಡಿ ಅಮೆರಿಕದ ಅಣ್ಣನಿಗೆ ಕಳಿಸುತ್ತಿದ್ದೆ. ಮಳೆ ಹಿಡಿದಿದೆ, ಕೆರೆ ತುಂಬಿದೆ, ಕೆಂಬರಲು ಹಕ್ಕಿಗಳು ಬಂದು ನೀರಿನ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತಿವೆ: ಇಂಥ ಸುದ್ದಿ.

ಖಾತೆಯಲ್ಲಿ ಜಾಗ ಕಡಿಮೆ. ತುಂಬುವ ಮೊದಲೇ ಕಾಗದಗಳನ್ನು ಒಂದು ಫೈಲಿಗೆ ಸೇರಿಸಿ, ಝಡ್‌ಮೋಡೆಮ್ ಎಂಬ ವಿಧಾನದಲ್ಲಿ ಕಂಪ್ಯೂಟರಿಗೆ ಇಳಿಸಿ, 1.44 ಎಂಬಿ ಫ್ಲಾಪಿಗೆ ತುಂಬಬೇಕಿತ್ತು. ಬ್ಯಾಕಪ್ ದಿನದ ಕೆಲಸದಲ್ಲೇ ಸೇರಿತ್ತು.

ಮುಂದೆ ಹಾಟ್‌ಮೇಲ್, ಸೈಬರ್ ಕೆಫೆಗಳು ಬಂದವು. 2004ರಲ್ಲಿ ಜಿಮೇಲ್ ಒಂದು ಜಿಬಿ ಜಾಗ ಕೊಟ್ಟಿತು. ಅಳಿಸುವ ಚಿಂತೆ ಹೋಯಿತು, ಜೊತೆಗೆ ಇಳಿಸಿಕೊಳ್ಳುವ ರೂಢಿಯೂ ತಪ್ಪಿತು. ಆ ನಡುಗಾಲದ ಅಣ್ಣನ ಕಾಗದಗಳು ಮುಚ್ಚಿಹೋದ ಖಾತೆಗಳೊಂದಿಗೇ ಹೋದವು. ಫ್ಲಾಪಿಗೆ ಇಳಿದವು ಉಳಿದವು.

ಈಗ ಗುಡವಿಯ ಮನೆಯ ಲ್ಯಾಪ್‌ಟಾಪಿನಲ್ಲಿ 'ಮಟ್' ಇದೆ; ಅದೂ ಪೈನ್‌ನಂತೆ ಟರ್ಮಿನಲ್ಲಿನ ಪಠ್ಯದ ಪರದೆಯಲ್ಲೇ ಓಡುವ ಮೇಲ್ ತಂತ್ರಾಂಶ. ಸಿಗ್ನಲ್ ಸಿಕ್ಕಾಗ 'ಎಂಬಿಸಿಂಕ್' ಎಂಬ ಇನ್ನೊಂದು ತಂತ್ರಾಂಶ ಸರ್ವರ್‌ನಿಂದ ಮೇಲ್ ಇಳಿಸುತ್ತದೆ. 'ಮೇಲ್‌ಡಿರ್' ಪದ್ಧತಿಯಲ್ಲಿ ಒಂದೊಂದು ಕಾಗದವೂ ಒಂದೊಂದು ಫೈಲು. ಮಳೆಗಾಲದಲ್ಲಿ ನೆಟ್‌ವರ್ಕ್ ಸತ್ತರೂ ಓದಬಹುದು, ಉತ್ತರ ಬರೆದಿಡಬಹುದು. ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರ ಇನ್ನೂ ಚೆದರುತ್ತದೆ. ಉದ್ದದ ಕಾಗದವನ್ನು ಬೇರೆ ಎಡಿಟರ್‌ನಲ್ಲಿ ತೆರೆಯುತ್ತೇನೆ. ಫ್ಲಾಪಿಯಿಂದ ತೆಗೆದ ಹಳೆಯ ಫೈಲನ್ನು ಮಾತ್ರ ಮಟ್ ಹಾಗೆಯೇ ತೆರೆಯಿತು. ಅದು ಬರೀ ಪಠ್ಯ, ಯಾವ ಕಂಪನಿಯ ಬೀಗವೂ ಅದಕ್ಕಿರಲಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಸಿಂಕ್ ಆಯಿತೆಂದರೆ ಬ್ಯಾಕಪ್ ಆದಂತಲ್ಲ. ಸರ್ವರ್‌ನಲ್ಲಿ ಅಳಿದದ್ದು, ಸೆಟ್ಟಿಂಗ್ ಹಾಗಿದ್ದರೆ, ಮನೆಯಲ್ಲೂ ಅಳಿಯುತ್ತದೆ. ಹಾಗಾಗಿ ಮೇಲ್‌ಡಿರ್, ಮಟ್‌ನ ಸೆಟ್ಟಿಂಗ್ ಫೈಲು, ಬೀಗಹಾಕಿದ ಪಾಸ್‌ವರ್ಡ್‌ಗಳು, ಆ ಬೀಗದ ಕೀಲಿ, ಇಷ್ಟನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಆಮೇಲೆ ಆ ನಕಲನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಒಂದು ಕಾಗದ ಓದಿ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.