ಎಂಟು ಸಾವಿರದ ಸದ್ದು

ಪುಣೆಗೆ ಬಂದ ನಾಲ್ಕನೇ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಆರು ತಿಂಗಳಿಗೇ ಸಪ್ಪೆ ಅನಿಸತೊಡಗಿತು. ಆಫೀಸಿನ ಪಾರ್ಕಿಂಗಿನಲ್ಲಿ ಸಹೋದ್ಯೋಗಿಯೊಬ್ಬ ಆಕ್ಸಿಲರೇಟರ್ ಒತ್ತಿದರೆ ಅವನ ಕಾರಿನ ಬಾನೆಟ್ಟಿನೊಳಗಿಂದ ಗುಟುರು ಕೇಳುತ್ತಿತ್ತು. ‘ಇಂಟೇಕ್ ಬದಲಾಯಿಸಿದೆ, ಪವರ್ರೂ ಏರಿತು, ಮೈಲೇಜೂ ಏರಿತು’ ಅಂದ. ಮರುವಾರವೇ ನಾನೂ 8,000 ರೂಪಾಯಿ ಕೊಟ್ಟು ಕಂಪನಿಯ ಏರ್‌ಫಿಲ್ಟರ್ ಡಬ್ಬಿ ತೆಗೆಸಿದೆ. ಆ ಜಾಗಕ್ಕೆ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಎಣ್ಣೆ ಸವರಿದ ಕೆಂಪು ಹತ್ತಿಯ ಕೋನ್ ಫಿಲ್ಟರ್ ಬಂತು.

ಸುಳ್ಳು ಹೇಳಬಾರದು, ಮೊದಲ ದಿನ ತುಂಬಾ ಖುಷಿಯಾಯಿತು. ಸಿಗ್ನಲ್ಲಿನಲ್ಲಿ ಪಕ್ಕದವರು ತಿರುಗಿ ನೋಡಿದರು. ನಾಲ್ಕು ವರ್ಷದಲ್ಲಿ ಈ ಊರಿನಲ್ಲಿ ಯಾರಾದರೂ ನನ್ನತ್ತ ತಿರುಗಿ ನೋಡಿದ್ದು ಅದೇ ಮೊದಲೇನೋ.

ಲೆಕ್ಕ ಸರಿಯಾಗಿಯೇ ಇದೆ ಅನಿಸಿತ್ತು. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಗಾಳಿ ಸಲೀಸಾಗಿ ಬಂದರೆ ಹೆಚ್ಚು ಇಂಧನ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಆದರೆ ನನ್ನ ಇಂಜಿನ್ನಿಗೆ ಗಾಳಿಯ ಕೊರತೆ ಇತ್ತೇ ಎಂದು ನಾನು ಕೇಳಿಕೊಳ್ಳಲೇ ಇಲ್ಲ. ಊರೊಳಗಿನ ಓಡಾಟದಲ್ಲಿ ನಾವು ಆಕ್ಸಿಲರೇಟರನ್ನು ಅರ್ಧವೂ ಒತ್ತುವುದಿಲ್ಲ. ಆಗ ಗಾಳಿಯನ್ನು ತಡೆಯುವುದು ಫಿಲ್ಟರಲ್ಲ, ಅರೆ ಮುಚ್ಚಿದ ಥ್ರಾಟಲ್. ಹಾಗಾಗಿ ನನ್ನ ಮೈಲೇಜು ಇದ್ದಲ್ಲೇ ಇತ್ತು. ಏರಿದ್ದು ಸದ್ದು ಮಾತ್ರ. ಅದನ್ನು ತಗ್ಗಿಸುವುದೂ ಆ ಹಳೆಯ ಡಬ್ಬಿಯ ಕೆಲಸವಾಗಿತ್ತು.

ಫೆಬ್ರವರಿಯಲ್ಲಿ ಜೋಳದ ಸುಗ್ಗಿಗೆ ಊರಿಗೆ ಹೊರಟೆ. ಬೈಲಹೊಂಗಲದ ಕಡೆ ನಮ್ಮ ಹಳ್ಳಿ. ಸಾತಾರಾಕ್ಕಿಂತ ಮೊದಲು ಸಿಗುವ ಖಂಬಾಟ್ಕಿ ಘಾಟಿನಲ್ಲಿ, ನಡು ಮಧ್ಯಾಹ್ನ, ಲಾರಿಗಳ ಹಿಂದೆ ತೆವಳುವಾಗ ಕಾರು ಮೊದಲಿಗಿಂತ ಮಂದವಾಗಿತ್ತು. ಕಾರಣ ಸರಳ. ಹಳೆಯ ಡಬ್ಬಿ ಕಾರಿನ ಮುಂಭಾಗದಿಂದ ಹೊರಗಿನ ಗಾಳಿ ಎಳೆಯುತ್ತಿತ್ತು. ಹೊಸ ಕೋನ್ ಬಾನೆಟ್ಟಿನೊಳಗೆ, ಇಂಜಿನ್ನಿನ ಪಕ್ಕದಲ್ಲೇ ಕೂತು ಅದರದೇ ಬಿಸಿಯನ್ನು ಉಸಿರಾಡುತ್ತಿತ್ತು. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಮೂರರಷ್ಟು ತೆಳುವಾಗುತ್ತದೆ. ದುಡ್ಡು ಕೊಟ್ಟು ಶಕ್ತಿ ಕಳೆದುಕೊಂಡಿದ್ದೆ.

ಮನೆ ಮುಂದೆ ನಿಲ್ಲಿಸುವ ಮೊದಲೇ ಅಪ್ಪ ಕಟ್ಟೆಯಿಂದ ಎದ್ದು ಬಂದ. ಮೂವತ್ತು ವರ್ಷ ಬೇರೆಯವರ ಟ್ರ್ಯಾಕ್ಟರ್ ಹೊಡೆದವನು.

‘ಯಾಕೋ ತಮ್ಮಾ, ಕಾರ ಹಿಂಗ ಗೊರಕಿ ಹೊಡ್ಯಾಕತ್ತೈತಿ?’

‘ಗಾಳಿ ಜಾಸ್ತಿ ಎಳಕೋತೈತಪ್ಪಾ.’

‘ಬರೇ ಗಾಳಿ ಅಷ್ಟ ಎಳಕೋತೈತೇನು?’

ಸ್ಕ್ರೂಡ್ರೈವರ್ ತರಿಸಿ ಕ್ಲಾಂಪ್ ಸಡಿಲಿಸಿದ. ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬೆರಳು ಆಡಿಸಿ, ಬಿಳಿ ಧೋತರಕ್ಕೆ ಒರೆಸಿಕೊಂಡ. ಸಣ್ಣ ಧೂಳಿನ ಗೆರೆ ಮೂಡಿತು. ‘ಇದು ಇಂಜಿನ್ನಿನ ಹೊಟ್ಟ್ಯಾಗ ಹೊಂಟೈತಿ’ ಅಂದ. ಬಯ್ಯಲಿಲ್ಲ.

ಅಪ್ಪನ ಆ ಟ್ರ್ಯಾಕ್ಟರಿನ ಏರ್ ಕ್ಲೀನರ್ ಎಣ್ಣೆಯ ಬಟ್ಟಲಿನದು. ಧೂಳಿನ ಗಾಳಿ ಎಣ್ಣೆಗೆ ಬಡಿದು, ತಂತಿಯ ಜಾಳಿಗೆ ಹಾದು ಒಳಹೋಗುತ್ತಿತ್ತು. ಧೂಳು ಎಣ್ಣೆಯಲ್ಲೇ ಉಳಿಯುತ್ತಿತ್ತು. ರಾಶಿಯ ದಿನಗಳಲ್ಲಿ ಅಪ್ಪ ಸಂಜೆ ಆ ಬಟ್ಟಲಿನ ಕೆಸರು ಚೆಲ್ಲಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಹಾಕಿಯೇ ಊಟಕ್ಕೆ ಕೂರುತ್ತಿದ್ದ. ಮಣ್ಣಿನ ಕಣ ಒಳಹೊಕ್ಕರೆ ಪಿಸ್ಟನ್ ರಿಂಗು, ಸಿಲಿಂಡರಿನ ಗೋಡೆ ತೇಯುತ್ತವೆ, ಇಂಜಿನ್ ಎಣ್ಣೆ ಕುಡಿಯತೊಡಗುತ್ತದೆ ಎಂದು ಅವನಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಸಾಹುಕಾರರ ಟ್ರ್ಯಾಕ್ಟರಿನ ಉಸಿರನ್ನು ಹೀಗೆ ಕಾಯ್ದವನು ತನ್ನ ಬಾಯಿಗೆ ಕಟ್ಟಿಕೊಂಡಿದ್ದು ಒಂದು ಹಳೇ ಟವೆಲ್. ಅಂದು ರಾತ್ರಿ ಅವನ ಕೆಮ್ಮು, ಆಮೇಲೆ ಇನ್‌ಹೇಲರಿನ ಸದ್ದು ಕೇಳುತ್ತ ಮಲಗಿದೆ. ನಿದ್ದೆ ಬರಲಿಲ್ಲ.

ಇಂಟೇಕ್ ಬದಲಾಯಿಸುವುದೇ ತಪ್ಪು ಎನ್ನಲಾರೆ. ಟರ್ಬೋ ಇಂಜಿನ್ ಇದ್ದು, ಎಗ್ಸಾಸ್ಟ್ ಬದಲಿಸಿ, ಇಸಿಯುವನ್ನೂ ಹೊಸದಾಗಿ ಹೊಂದಿಸಿ, ಟ್ರ್ಯಾಕ್ ಮೇಲೆ ಓಡಿಸುವವರಿಗೆ ಲಾಭ ಕಾಣುತ್ತದೆ. ಸದ್ದು ಇಷ್ಟವಿದ್ದರೆ ಅದೂ ಒಂದು ಸುಖವೇ. ತೊಳೆದು ಮತ್ತೆ ಬಳಸುವ ಫಿಲ್ಟರ್ ಬೇಕೆಂದರೆ ಹಳೆಯ ಡಬ್ಬಿಯಲ್ಲೇ ಕೂರುವಂಥದ್ದು ಸಿಗುತ್ತದೆ. ಎಣ್ಣೆ ಅತಿಯಾಗಿ ಸವರಿದರೆ ಮಾತ್ರ ಕೆಲವು ಕಾರುಗಳಲ್ಲಿ ಗಾಳಿ ಅಳೆಯುವ ಸೆನ್ಸರ್ ಕೆಡುತ್ತದೆ. ತಂಪು ಗಾಳಿಗೆಂದು ಪೈಪನ್ನು ಬಂಪರಿನ ಕೆಳಗೆ ಇಳಿಸಿದರೆ ಮಳೆಗಾಲದ ಭಯ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮುಂಬೈ, ಚೆನ್ನೈಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಿನಾ ಆಫೀಸು, ವರ್ಷಕ್ಕೆರಡು ಸಲ ಊರಿನ ಮಣ್ಣುದಾರಿ: ಇಷ್ಟೇ ಬಾಳಿನ ನನ್ನಂಥವರಿಗೆ ಕಂಪನಿಯ ಡಬ್ಬಿಯೇ ಸರಿ.

ಪುಣೆಗೆ ಮರಳಿ, ಬಾಲ್ಕನಿಯಲ್ಲಿ ಬಿದ್ದಿದ್ದ ಆ ಡಬ್ಬಿ ಒರೆಸಿ, 300 ರೂಪಾಯಿಯ ಕಾಗದದ ಫಿಲ್ಟರ್ ಹಾಕಿ ಕೂರಿಸಿದೆ. ಕಾರು ಮತ್ತೆ ಸುಮ್ಮನಾಯಿತು. ಅದೇ ವಾರ ಅಪ್ಪನಿಗೆ ಒಂದು ಪೆಟ್ಟಿಗೆ ಎನ್-95 ಮಾಸ್ಕ್ ಕಳಿಸಿದೆ. ಮೂವತ್ತು ವರ್ಷ ತಡವಾಗಿತ್ತು. ‘ಮುಟ್ಟ್ಯಾವು. ಕಾರಿಗಿ ಹಳೇದ ಹಾಕಿಸ್ದಿ?’ ಎಂದು ಫೋನಿನಲ್ಲಿ ಕೇಳಿದ. ಹೂಂ ಅಂದೆ.