ತೀರ್ಪು ಅಲ್ಲಿ, ನಿಕಾಹ್ ಇಲ್ಲಿ

ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು 2023ರ ಅಕ್ಟೋಬರ್ 17ರಂದು ನಿರಾಕರಿಸಿತು. ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ಜಮೀಅತ್ ಉಲಮಾ-ಎ-ಹಿಂದ್ ಕೂಡ ಅರ್ಜಿದಾರರ ಬೇಡಿಕೆಯನ್ನು ವಿರೋಧಿಸಿ ವಾದಿಸಿತ್ತು. ಆ ದಿನಗಳಲ್ಲಿ ದಾವಣಗೆರೆಯ ಸಹೋದರರು ನಮ್ಮನ್ನು ಪದೇ ಪದೇ ಕೇಳಿದ್ದು ಒಂದೇ ಪ್ರಶ್ನೆ: ನಾಳೆ ನಮ್ಮ ಖಾಝಿಗಳೂ ಇಂತಹ ನಿಕಾಹ್ ನೆರವೇರಿಸಬೇಕಾದೀತೇ? ಇಲ್ಲ. ಚರ್ಚೆ ನಡೆದದ್ದು 1954ರ ವಿಶೇಷ ವಿವಾಹ ಕಾಯ್ದೆಯ ಕುರಿತು. ವೈಯಕ್ತಿಕ ಕಾನೂನುಗಳನ್ನು ನ್ಯಾಯಾಲಯವು ವಿಚಾರಣೆಯ ಆರಂಭದಲ್ಲೇ ಬದಿಗಿರಿಸಿತ್ತು. (ನಮ್ಮ ಮನೆಗಳಲ್ಲಿ ಆ ಕಾಯ್ದೆಯ ಹೆಸರು ಕೇಳಿಬರುವುದೇ ಅಪರೂಪ.) ನಿಕಾಹ್ ಪುರುಷ ಮತ್ತು ಸ್ತ್ರೀಯ ನಡುವಿನ ಕರಾರು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ತೀರ್ಪಿನ ನಂತರ ಹರಿಹರದಿಂದ ಓರ್ವ ತಂದೆ ನಮ್ಮಲ್ಲಿಗೆ ಬಂದರು. ಹೆಣ್ಣಿನತ್ತ ತನಗೆ ಒಲವಿಲ್ಲವೆಂದು ಅವರ ಮಗ ತಾಯಿಯ ಬಳಿ ಹೇಳಿಕೊಂಡಿದ್ದನು. “ಮೌಲಾನಾ, ಬೇಗ ನಿಕಾಹ್ ಮಾಡಿಬಿಟ್ಟರೆ ಸರಿಹೋಗುತ್ತಾನೆ. ಕೋರ್ಟೂ ನಮ್ಮ ಪರವಾಗಿಯೇ ಹೇಳಿದೆಯಲ್ಲ” ಎಂದರು.

ಕೋರ್ಟು ಹಾಗೆ ಹೇಳಿಲ್ಲ, ಶರೀಅತ್ತೂ ಹೇಳುವುದಿಲ್ಲ. ಪ್ರಾಯಕ್ಕೆ ಬಂದ ವಧುವಿನ ಒಪ್ಪಿಗೆಯಿಲ್ಲದೆ ನಿಕಾಹ್ ಇಲ್ಲ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆ ಎಂತಹ ಒಪ್ಪಿಗೆ? ನೆನೆದ ಧಾನ್ಯವನ್ನು ರಾಶಿಯ ಅಡಿಯಲ್ಲಿ ಮರೆಮಾಡಿದ ವ್ಯಾಪಾರಿಯನ್ನು ಪ್ರವಾದಿ(ಸ)ರವರು ಖಂಡಿಸಿದ್ದನ್ನು ಮದ್ರಸಾದ ಚಿಕ್ಕ ಮಕ್ಕಳಿಗೂ ಕಲಿಸುತ್ತೇವೆ. ಸಂತೆಯ ಧಾನ್ಯಕ್ಕೆ ಇರುವಷ್ಟು ನಿಯಮವೂ ಯಾರದೋ ಮಗಳ ಬಾಳಿಗೆ ಬೇಡವೇ?

“ಹುಡುಗಿಯ ತಂದೆಗೆ ಇದನ್ನು ಮೊದಲೇ ತಿಳಿಸುವಿರಾ?” ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಮಗನನ್ನು ಹೊಡೆಯಬೇಡಿ, ಮನೆಯಿಂದ ಹೊರಹಾಕಬೇಡಿ ಎಂದೂ ವಿನಂತಿಸಿದೆವು. ನಿಕಾಹ್‌ನ ದಿನಾಂಕ ಇನ್ನೂ ನಿಗದಿಯಾಗಿಲ್ಲ.